ಮಲಬದ್ಧತೆಗೆ ಪ್ರೋಬಯಾಟಿಕ್: ಕೊಳ್ಳುವ ಮುಂಚೆ ಏನು ಮಾಡಬೇಕು, ಕೊಂಡ ಮೇಲೆ ಏನು ನೋಡಬೇಕು

"ಅಣ್ಣಾ, ಮೋಷನ್ ಸರಿಯಾಗಿ ಆಗ್ತಿಲ್ಲ. ಒಳ್ಳೇ ಪ್ರೋಬಯಾಟಿಕ್ ಯಾವುದಾದ್ರೂ ಇದ್ರೆ ಕೊಡಿ."

"ಇದು ತಗೊಳ್ಳಿ ಮೇಡಂ, ಎಲ್ರೂ ಇದನ್ನೇ ತಗೊಂಡು ಹೋಗ್ತಾರೆ."

ಮೆಡಿಕಲ್ ಶಾಪಿನಲ್ಲಿ ಇಷ್ಟೇ ಮಾತು. ಪ್ರೋಬಯಾಟಿಕ್ ಅಂದರೆ ಹೊಟ್ಟೆಗೆ ಒಳಿತಾಗಲೆಂದು ನುಂಗುವ ಜೀವಂತ ಸೂಕ್ಷ್ಮಜೀವಿಗಳು. ಕೈಗೆ ಬರುವುದು ಬಹಳ ಸಲ ಬ್ಯಾಸಿಲಸ್ ಕ್ಲಾಸಿಯೈ ಎಂಬ ಬ್ಯಾಕ್ಟೀರಿಯಾ ಇರುವ ಪುಟ್ಟ ಪ್ಲಾಸ್ಟಿಕ್ ಬಾಟಲಿ, ಇಲ್ಲವೇ ಸ್ಯಾಕರೊಮೈಸಿಸ್ ಬೌಲಾರ್ಡಿ ಎಂಬ ಯೀಸ್ಟ್ ಇರುವ ಸ್ಯಾಶೆ. ಎರಡೂ ಮುಖ್ಯವಾಗಿ ಭೇದಿಗೆ, ಆಂಟಿಬಯಾಟಿಕ್ ತಿಂದು ಹೊಟ್ಟೆ ಕೆಟ್ಟಾಗ ಕೊಡುವಂಥವು. ಹೊಟ್ಟೆ ಕಟ್ಟಿದವರು ಅವನ್ನು ಕುಡಿದರೆ ದೊಡ್ಡ ಹಾನಿಯೇನೂ ಆಗಲಿಕ್ಕಿಲ್ಲ, ಆದರೆ ದುಡ್ಡು ದಂಡ.

ಪ್ರೋಬಯಾಟಿಕ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದರ ಸರದಿ ಬರುವುದು ಕೊನೆಯಲ್ಲಿ. ಅದಕ್ಕೆ ಮುಂಚೆ ಮಾಡಬೇಕಾದ ನಾಲ್ಕು ಕೆಲಸ ಇವೆ. ಅವು ಅಗ್ಗ, ಮತ್ತು ಎಷ್ಟೋ ಜನರಿಗೆ ಅಷ್ಟರಲ್ಲೇ ಸರಿಹೋಗುತ್ತದೆ. ಕೆಳಗಿನ ಕ್ರಮ ದೊಡ್ಡವರಿಗೆ ಮಾತ್ರ. ಮಕ್ಕಳ ವಿಷಯ ಬೇರೆ, ಅದನ್ನು ಮಕ್ಕಳ ಡಾಕ್ಟರ ಹತ್ತಿರವೇ ಕೇಳಿ.

ಹಂತ 1: ಒಂದು ವಾರ ಬರೆದಿಡಿ

ದಿನಾ ಬೆಳಿಗ್ಗೆ ಒಂದು ಸಲ ಹೋಗಲೇಬೇಕು ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ ಅಲ್ವಾ? ವೈದ್ಯರ ಲೆಕ್ಕ ಇಷ್ಟು ಬಿಗಿಯಾಗಿಲ್ಲ. ದಿನಕ್ಕೆ ಮೂರು ಸಲದಿಂದ ಹಿಡಿದು ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಹಜವೇ. ಎರಡು ದಿನಕ್ಕೊಮ್ಮೆ ಹೋದರೂ ಮೆತ್ತಗೆ, ಆರಾಮಾಗಿ ಆಗುತ್ತಿದ್ದರೆ ನಿಮಗೆ ಮಲಬದ್ಧತೆ ಇಲ್ಲ. ದಿನಾ ಹೋದರೂ ಮುಕ್ಕರಿಸಿ ಮುಕ್ಕರಿಸಿ ಸುಸ್ತಾಗುತ್ತಿದ್ದರೆ, ಎದ್ದು ಬಂದ ಮೇಲೂ "ಇನ್ನೂ ಉಳಿದಿದೆ" ಅನ್ನಿಸುತ್ತಿದ್ದರೆ, ಇದೆ.

ಆದ್ದರಿಂದ ಒಂದು ವಾರ ಫೋನಿನಲ್ಲೋ ಕ್ಯಾಲೆಂಡರಿನ ಮೂಲೆಯಲ್ಲೋ ಮೂರು ವಿಷಯ ಬರೆದಿಡಿ. ಯಾವತ್ತು ಹೋದಿರಿ, ಎಷ್ಟು ಮುಕ್ಕರಿಸಬೇಕಾಯಿತು, ಮಲ ಹೇಗಿತ್ತು. ಮೂರನೆಯದಕ್ಕೆ ಬ್ರಿಸ್ಟಲ್ ಪಟ್ಟಿ ಅಂತ ಒಂದು ಅಳತೆ ಇದೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು ರೂಪಿಸಿದ್ದು, 1997ರಲ್ಲಿ ಪ್ರಕಟವಾಯಿತು. ಅದರಲ್ಲಿ ಏಳು ನಮೂನೆ. ಒಂದನೆಯದು ಮೇಕೆ ಹಿಕ್ಕೆಯ ಹಾಗೆ ಬಿಡಿ ಬಿಡಿ ಗಟ್ಟಿ ಉಂಡೆ. ಎರಡನೆಯದು ಉಂಡೆಗಳೆಲ್ಲ ಅಂಟಿಕೊಂಡ ಗಂಟು ಗಂಟಾದ ದಪ್ಪ ತುಂಡು. ಮೂರು ಮತ್ತು ನಾಲ್ಕು ಒಳ್ಳೆಯವು: ಮೇಲೆ ಸ್ವಲ್ಪ ಬಿರುಕಿರುವ ಅಥವಾ ನಯವಾದ ಉದ್ದನೆಯ ತುಂಡು. ಐದರಿಂದ ಮುಂದೆ ಸಡಿಲವಾಗುತ್ತಾ ಹೋಗಿ ಏಳು ಅಂದರೆ ಬರೀ ನೀರು. ಒಂದು, ಎರಡು ಜಾಸ್ತಿ ಬರುತ್ತಿದ್ದರೆ ನಿಮ್ಮ ದೂರು ನಿಜ.

ನಾಚಿಕೆ ಬೇಡ. ಈ ಬರಹ ಮುಂದೆ ಎರಡು ಕಡೆ ಕೆಲಸಕ್ಕೆ ಬರುತ್ತದೆ.

ಹಂತ 2: ಮನೆಮದ್ದಿನ ಕಾಲ ಮೀರಿದೆಯೇ, ಬೇರೆ ಮಾತ್ರೆಯ ಚೇಷ್ಟೆಯೇ?

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಮನೆಯಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದು, 45-50 ದಾಟಿದ ಮೇಲೆ ಇದ್ದಕ್ಕಿದ್ದಂತೆ ಶುರುವಾದ ಮಲಬದ್ಧತೆ: ಇದರಲ್ಲಿ ಒಂದಿದ್ದರೂ ಈ ಲೇಖನವನ್ನು ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ. "ಮೂಲವ್ಯಾಧಿ ಇರಬೇಕು ಬಿಡಿ" ಅಂತ ರಕ್ತವನ್ನು ತಳ್ಳಿಹಾಕುವುದು ನಮ್ಮ ಕಡೆ ಮಾಮೂಲು. ಮೂಲವ್ಯಾಧಿಯೇ ಇರಬಹುದು, ಆದರೆ ಅದನ್ನು ಹೇಳಬೇಕಾದವರು ನೋಡಿ ಪರೀಕ್ಷಿಸಿದವರು. ಹೊಟ್ಟೆ ಉಬ್ಬಿ, ವಾಂತಿ ಬಂದು, ಗಾಳಿಯೂ ಹೋಗುತ್ತಿಲ್ಲ ಅಂದರೆ ಅದು ಆಗಿಂದಾಗಲೇ ಆಸ್ಪತ್ರೆಗೆ ಓಡುವ ಸ್ಥಿತಿ.

ಇನ್ನು ಮಾತ್ರೆಗಳು. ಮನೆಯ ಔಷಧಿ ಡಬ್ಬಿ ತೆಗೆದು ಒಂದೊಂದೇ ನೋಡಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಅಲ್ಯೂಮಿನಿಯಂ ಇರುವ ಗ್ಯಾಸ್ ಸಿರಪ್, ಟ್ರಮಡಾಲ್ ಥರದ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆಗೋ ನರದ ನೋವಿಗೋ ಕೊಡುವ ಅಮಿಟ್ರಿಪ್ಟಿಲಿನ್, ಬಿಪಿಗೆ ಕೊಡುವ ವೆರಾಪಮಿಲ್. ಇವೆಲ್ಲ ಹೊಟ್ಟೆ ಕಟ್ಟಿಸುತ್ತವೆ. ನೀವಾಗಿ ನಿಲ್ಲಿಸಬೇಡಿ. ಬರೆದುಕೊಟ್ಟವರಿಗೆ "ಇದು ಶುರು ಮಾಡಿದ ಮೇಲೆ ಹೀಗಾಗುತ್ತಿದೆ" ಎಂದು ಹೇಳಿ, ಬದಲಿ ಇದ್ದರೆ ಕೊಡುತ್ತಾರೆ. ಗರ್ಭಿಣಿಯರಲ್ಲಿ ಕಬ್ಬಿಣದ ಮಾತ್ರೆಯಿಂದ ಇದು ಬಹಳ ಸಾಮಾನ್ಯ. ಜೊತೆಗೆ ಸುಸ್ತು, ಚಳಿ ತಡೆಯದಿರುವುದು, ತೂಕ ಏರುವುದು ಇದ್ದರೆ ಒಂದು ಸಲ ಥೈರಾಯಿಡ್ ಪರೀಕ್ಷೆ ಮಾಡಿಸಿ. ಥೈರಾಯಿಡ್ ಕಡಿಮೆ ಇದ್ದರೆ ಕರುಳೂ ನಿಧಾನ. ಆಗ ಎಷ್ಟು ಕೋಟಿ ಬ್ಯಾಕ್ಟೀರಿಯಾ ನುಂಗಿದರೂ ಅಷ್ಟೇ.

ಹಂತ 3: ಕೂರುವ ರೀತಿ, ಕೂರುವ ಹೊತ್ತು

ಇದಕ್ಕೆ ಕಾಸಿನ ಖರ್ಚಿಲ್ಲ. ಗುದನಾಳವನ್ನು ಹಿಂದಿನಿಂದ ಬಳಸಿ ಮುಂದಕ್ಕೆ ಎಳೆದು ಹಿಡಿದಿರುವ ಒಂದು ಸ್ನಾಯು ಇದೆ. ಅದು ಎಳೆದಿರುವಾಗ ದಾರಿ ಅಲ್ಲಿ ಬಾಗಿರುತ್ತದೆ. ಕುಕ್ಕರುಗಾಲಿನಲ್ಲಿ ಕೂತಾಗ ಅದು ಸಡಿಲಗೊಂಡು ದಾರಿ ನೇರವಾಗುತ್ತದೆ. ಕಮೋಡಿನ ಮೇಲೆ ಕುರ್ಚಿಯಲ್ಲಿ ಕೂತ ಹಾಗೆ ಕೂತರೆ ಬಾಗು ಪೂರ್ತಿ ಹೋಗುವುದಿಲ್ಲ. ಮಂಡಿ ನೋವಿನ ಕಾರಣಕ್ಕೆ ಮನೆಯಲ್ಲಿ ಕಮೋಡ್ ಹಾಕಿಸಿದ ಮೇಲೆ ಹಿರಿಯರ ತೊಂದರೆ ಜಾಸ್ತಿಯಾಯಿತು ಅಂದರೆ ಇದನ್ನು ಮೊದಲು ನೋಡಿ. ಬಚ್ಚಲಿನಲ್ಲಿ ಸ್ನಾನಕ್ಕೆ ಕೂರುವ ಪ್ಲಾಸ್ಟಿಕ್ ಸ್ಟೂಲನ್ನೇ ಕಮೋಡಿನ ಮುಂದಿಟ್ಟು ಅದರ ಮೇಲೆ ಎರಡೂ ಪಾದ ಇಡಿ. ಏಳರಿಂದ ಒಂಬತ್ತು ಇಂಚು ಎತ್ತರವಿದ್ದರೆ ಸಾಕು. ಮಂಡಿ ಸೊಂಟಕ್ಕಿಂತ ಮೇಲೆ ಬರಬೇಕು, ಮೈ ಸ್ವಲ್ಪ ಮುಂದಕ್ಕೆ ಬಾಗಿರಬೇಕು, ಮೊಣಕೈ ತೊಡೆಯ ಮೇಲೆ. ವಯಸ್ಸಾದವರಿಗೆ ಸ್ಟೂಲು ಜಾರದಂತೆ ಕೆಳಗೆ ರಬ್ಬರ್ ಮ್ಯಾಟ್ ಹಾಕಿ.

ಹೊತ್ತಿನ ವಿಷಯ. ಹೊಟ್ಟೆಗೆ ಊಟ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುತ್ತದೆ, ಬೆಳಿಗ್ಗೆ ಇದು ಜೋರು. ತಿಂಡಿಯಾದ ಹದಿನೈದು-ಇಪ್ಪತ್ತು ನಿಮಿಷಕ್ಕೆ ಹೋಗಿ ಕೂರಿ, ಬಂದರೂ ಬರದಿದ್ದರೂ ಐದು-ಹತ್ತು ನಿಮಿಷಕ್ಕೆ ಎದ್ದುಬಿಡಿ. ಬೆಳಗಿನ ಫಿಲ್ಟರ್ ಕಾಫಿ ಕುಡಿದರೇನೇ ನನಗೆ ಆಗುವುದು ಎನ್ನುವವರನ್ನು ನಗಬೇಡಿ, ಕಾಫಿ ಕೆಲವರ ಕರುಳನ್ನು ನಿಜವಾಗಿಯೂ ಚುರುಕು ಮಾಡುತ್ತದೆ. ಫೋನ್ ಮಾತ್ರ ಹೊರಗಿರಲಿ. ಅರ್ಧ ಗಂಟೆ ರೀಲ್ಸ್ ನೋಡುತ್ತಾ ಕೂತರೆ ಮೂಲವ್ಯಾಧಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ.

ಬಂದ ಹೊತ್ತಿನಲ್ಲಿ ಹೋಗದೆ ತಡೆದುಕೊಳ್ಳುವುದೂ ದೊಡ್ಡ ಕಾರಣ. ಸ್ಕೂಲಿನ ಟೀಚರುಗಳು, ಬಸ್ ಡ್ರೈವರುಗಳು, ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹೆಂಗಸರು ಬೇಕಂತ ತಡೆಯುವುದಿಲ್ಲ, ಶೌಚಾಲಯ ಸರಿ ಇಲ್ಲದೆ ತಡೆಯುತ್ತಾರೆ. ಹೋಗಬೇಕಾದೀತು ಅಂತ ನೀರನ್ನೂ ಕಡಿಮೆ ಕುಡಿಯುತ್ತಾರೆ. ಅವರಿಗೆ ಅರ್ಧ ಗಂಟೆ ಮುಂಚೆ ಎದ್ದು ತಿಂಡಿ ಮುಗಿಸಿ ಮನೆಯಲ್ಲೇ ಕೂರುವ ಅಭ್ಯಾಸಕ್ಕಿಂತ ಒಳ್ಳೆಯ ಔಷಧಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಂತ 4: ನಾರು, ನೀರು, ಇಸಬಗೋಲ್

ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಷ್ಟೇ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ ಅಂದರೆ ಲೆಕ್ಕ ನೀವೇ ಹಾಕಿ. ಒಂದು ಹೊತ್ತು ಮುದ್ದೆ ಅಥವಾ ರಾಗಿ ರೊಟ್ಟಿ ಬಂದರೆ ಚಿತ್ರ ಬದಲಾಗುತ್ತದೆ. ಆದರೆ ರಾಗಿ ಮಾಲ್ಟಿಗೆ ಅಂತ ಬಟ್ಟೆಯಲ್ಲಿ ಸೋಸಿದ ಹಿಟ್ಟು ಬಳಸಿದರೆ ನಾರು ಬಟ್ಟೆಯಲ್ಲೇ ಉಳಿಯಿತು. ಬಸ್ಸಾರಿನಲ್ಲೂ ಹೀಗೆಯೇ. ಸೊಪ್ಪು, ಕಾಳು ಬೇಯಿಸಿ ಬಸಿದ ಮೇಲೆ ನಾರೆಲ್ಲ ಇರುವುದು ಪಲ್ಯದಲ್ಲಿ. ಸಾರನ್ನು ಮಾತ್ರ ಸುರಿದುಕೊಂಡು ಪಲ್ಯವನ್ನು ಚಮಚದಷ್ಟು ಹಾಕಿಸಿಕೊಂಡರೆ ಉಪಯೋಗವಿಲ್ಲ. ಒಂದು ಬಟ್ಟಲು ಪಲ್ಯ, ಒಂದು ಸೀಬೆಹಣ್ಣು. ಇಷ್ಟು ದಿನಾ ಸೇರಿಸಿ ನೋಡಿ. ಸೀಬೆಯನ್ನು ಬೀಜ ಸಮೇತ ತಿನ್ನಿ.

2025ರಲ್ಲಿ ಬ್ರಿಟನ್ನಿನ ಆಹಾರ ತಜ್ಞರ ಸಂಘ ಮಲಬದ್ಧತೆಗೆಂದೇ ಆಹಾರದ ಮಾರ್ಗಸೂಚಿ ಹೊರತಂದಿತು. ಅದರಲ್ಲಿ ಕಿವಿ ಹಣ್ಣಿಗೂ ಇಸಬಗೋಲಿಗೂ ಜಾಗ ಸಿಕ್ಕಿದೆ. ದಿನಕ್ಕೆ ಎರಡು ಹಸಿರು ಕಿವಿ ತಿಂದವರಿಗೆ ಇಸಬಗೋಲ್ ತಗೊಂಡವರಷ್ಟೇ ಗುಣ ಕಂಡಿದೆ. ನಮ್ಮೂರಲ್ಲಿ ಕಿವಿ ದುಬಾರಿ. ಇಸಬಗೋಲ್ ನಮ್ಮದೇ, ಗುಜರಾತ್ ರಾಜಸ್ಥಾನದಲ್ಲಿ ಬೆಳೆದು ಪ್ರಪಂಚಕ್ಕೆಲ್ಲ ಹೋಗುತ್ತದೆ.

ಅದನ್ನು ತಗೊಳ್ಳುವ ಕ್ರಮ ಹೀಗೆ. ಮೊದಲ ಮೂರು-ನಾಲ್ಕು ದಿನ ಒಂದು ಟೀ ಚಮಚ. ಹೊಟ್ಟೆ ಒಗ್ಗಿದ ಮೇಲೆ ನಿಧಾನವಾಗಿ ಏರಿಸುತ್ತಾ ಹೋಗಿ. ದಿನಕ್ಕೆ 10 ಗ್ರಾಂ ಮೇಲೆ, ಅಂದರೆ ಎರಡು ಊಟದ ಚಮಚದ ಆಸುಪಾಸು, ಕನಿಷ್ಠ ನಾಲ್ಕು ವಾರ ತಗೊಂಡವರಲ್ಲೇ ಪ್ರಯೋಜನ ಚೆನ್ನಾಗಿ ಕಂಡಿದೆ. ದೊಡ್ಡ ಲೋಟ ನೀರಿಗೆ ಹಾಕಿ, ಕಲಕಿ, ಗಟ್ಟಿಯಾಗುವ ಮುಂಚೆ ಕುಡಿದುಬಿಡಿ. ಹಿಂದೆಯೇ ಇನ್ನರ್ಧ ಲೋಟ ನೀರು. ಒಣ ಇಸಬಗೋಲ್ ಹೊಟ್ಟನ್ನು ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿಯುವುದು ಅಪಾಯ, ಗಂಟಲಲ್ಲೇ ಉಬ್ಬಿಕೊಳ್ಳಬಹುದು. ರಾತ್ರಿ ಹಾಲಿಗೆ ಹಾಕಿ ಕುಡಿದು ಹಾಗೇ ಮಲಗುವ ರೂಢಿಯೂ ಬೇಡ, ಕುಡಿದು ಸ್ವಲ್ಪ ಹೊತ್ತು ಓಡಾಡಿ. ನುಂಗಲು ಕಷ್ಟ ಇರುವವರು ಇದರ ತಂಟೆಗೆ ಹೋಗಬೇಡಿ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಸಕ್ಕರೆ ಸೇರಿಸಿದ ಕಿತ್ತಳೆ ರುಚಿಯ ಪುಡಿಗಿಂತ ಏನೂ ಬೆರೆಸದ ಸಪ್ಪೆ ಹೊಟ್ಟು ವಾಸಿ.

ಬರೀ ನೀರು ಜಾಸ್ತಿ ಕುಡಿದರೆ ಸರಿಹೋಗುತ್ತದೆ ಅನ್ನುವುದು ಅರ್ಧ ಸತ್ಯ. ನೀರು ಕಡಿಮೆ ಕುಡಿಯುವವರಿಗೆ ಅದು ನಿಜ. ಆಗಲೇ ಸಾಕಷ್ಟು ಕುಡಿಯುತ್ತಿರುವವರು ಇನ್ನೆರಡು ಲೀಟರ್ ಕುಡಿದರೆ ಮೂತ್ರ ಜಾಸ್ತಿಯಾಗುತ್ತದೆ, ಅಷ್ಟೇ.

ಹಂತ 5: ಮೊಸರು, ಮಜ್ಜಿಗೆ, ಅಂಬಲಿಯನ್ನು ಅದರದರ ಜಾಗದಲ್ಲಿ ಇಡಿ

ಮನೆಯ ಮೊಸರಿದ್ದ ಮೇಲೆ ಪ್ರೋಬಯಾಟಿಕ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಮೊಸರಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುವುದು ನಿಜ. ಆದರೆ ಯಾವ ತಳಿ, ಎಷ್ಟು, ಹೊಟ್ಟೆಯ ಆಮ್ಲ ದಾಟಿ ಕರುಳು ಸೇರುವವು ಎಷ್ಟು ಎಂಬುದು ಮನೆಯಿಂದ ಮನೆಗೆ, ಹೆಪ್ಪಿನಿಂದ ಹೆಪ್ಪಿಗೆ ಬೇರೆ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಸೇರಿ ಕೊಟ್ಟ ವ್ಯಾಖ್ಯೆಯ ಪ್ರಕಾರ, ಸಾಕಷ್ಟು ಪ್ರಮಾಣದಲ್ಲಿ ತಗೊಂಡಾಗ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಜೀವಿಗಳು ಮಾತ್ರ ಪ್ರೋಬಯಾಟಿಕ್. ಆ ಒಳಿತನ್ನು ಪರೀಕ್ಷೆ ಮಾಡಿ ತೋರಿಸಿರಬೇಕು. ನಮ್ಮ ಮನೆ ಮೊಸರನ್ನು ಯಾರೂ ಹಾಗೆ ಪರೀಕ್ಷೆ ಮಾಡಿಲ್ಲ. ಅದು ಒಳ್ಳೆಯ ಊಟ, ಔಷಧಿ ಅಂತ ನಿರೀಕ್ಷೆ ಬೇಡ.

ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಆದ್ದರಿಂದ ಮಜ್ಜಿಗೆ ಹುಳಿ, ಇಡ್ಲಿ, ದೋಸೆ ಯಾವುದೂ ಈ ಲೆಕ್ಕಕ್ಕೆ ಬರುವುದಿಲ್ಲ. ಹಿಟ್ಟು ಹುಳಿ ಬರುವಾಗ ಎಷ್ಟೇ ಬ್ಯಾಕ್ಟೀರಿಯಾ ಇದ್ದರೂ ಹಬೆಯಲ್ಲಿ ಬೆಂದ ಮೇಲೆ ಮುಗಿಯಿತು. ಎಣ್ಣೆ, ಉಪ್ಪು, ಖಾರ ಸುರಿದ ಉಪ್ಪಿನಕಾಯಿಯ ಮೇಲೂ ಭರವಸೆ ಇಡಬೇಡಿ. ರಾಗಿ ಅಂಬಲಿ ಮಾಡುವವರು ಒಂದು ಗಮನಿಸಿ. ಹಿಟ್ಟನ್ನು ಗಂಟಿಲ್ಲದೆ ಕದಡಿ, ಕುದಿಸಿ, ಇಳಿಸಿ, ಬೆರಳಿಟ್ಟರೆ ಸುಡದಷ್ಟು ಪೂರ್ತಿ ಆರಿದ ಮೇಲೆ ಮಜ್ಜಿಗೆ ಬೆರೆಸಿ. ಒಲೆಯ ಮೇಲಿರುವಾಗಲೇ ಸುರಿದರೆ ರುಚಿ ಉಳಿಯುತ್ತದೆ, ಜೀವ ಉಳಿಯುವುದಿಲ್ಲ. ಸೋಸದ ರಾಗಿ, ನೀರು, ಮಜ್ಜಿಗೆ, ಹೆಚ್ಚಿದ ಈರುಳ್ಳಿ. ಹೊಟ್ಟೆ ಕಟ್ಟಿದವರಿಗೆ ಇದಕ್ಕಿಂತ ಒಳ್ಳೆಯ ಬೆಳಗಿನ ಲೋಟ ನನಗಂತೂ ಗೊತ್ತಿಲ್ಲ, ಪ್ರೋಬಯಾಟಿಕ್ ಎಂಬ ಹೆಸರು ಅದಕ್ಕೆ ಇಲ್ಲದಿದ್ದರೂ.

ಹಂತ 6: ಇನ್ನೂ ಸರಿಹೋಗಿಲ್ಲವೇ? ಈಗ ಲೇಬಲ್ ಓದಿ

ಮೇಲಿನದನ್ನೆಲ್ಲ ಒಂದು ತಿಂಗಳು ಮಾಡಿಯೂ ಬರಹದಲ್ಲಿ ಬ್ರಿಸ್ಟಲ್ ಪಟ್ಟಿಯ ಒಂದು, ಎರಡನೇ ನಮೂನೆಯೇ ಜಾಸ್ತಿ ಇದ್ದರೆ ಪ್ರೋಬಯಾಟಿಕ್ ಪ್ರಯತ್ನಿಸಬಹುದು. ಆಧಾರ ಎಷ್ಟಿದೆ ಅಂತ ಮೊದಲು ತಿಳಿದುಕೊಳ್ಳಿ. 2014ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 14 ಪ್ರಯೋಗಗಳನ್ನು, ಒಟ್ಟು 1,182 ಜನರನ್ನು ಒಟ್ಟಿಗೆ ಲೆಕ್ಕ ಹಾಕಿದರು. ಪ್ರೋಬಯಾಟಿಕ್ ತಗೊಂಡವರು ವಾರಕ್ಕೆ ಸರಾಸರಿ 1.3 ಸಲ ಜಾಸ್ತಿ ಹೋದರು. ಊಟ ಬಾಯಿಂದ ಹೊರಗಿನ ತನಕ ಸಾಗುವ ಸಮಯ ಸುಮಾರು 12 ಗಂಟೆ ಕಡಿಮೆಯಾಯಿತು. ಲಾಭ ಕಂಡಿದ್ದು ಬೈಫಿಡೊಬ್ಯಾಕ್ಟೀರಿಯಂ ಲ್ಯಾಕ್ಟಿಸ್ ಎಂಬ ಜಾತಿಯಲ್ಲಿ. ಲ್ಯಾಕ್ಟೊಬ್ಯಾಸಿಲಸ್ ಕೇಸಿ ಶಿರೋಟಾ ತಳಿಯಲ್ಲಿ ಅದು ಕಾಣಲಿಲ್ಲ. ಆಮೇಲೆ ಬಂದ ಪ್ರಯೋಗಗಳು ಎಲ್ಲವೂ ಇದೇ ಮಾತು ಹೇಳಿಲ್ಲ. 2024ರಲ್ಲಿ ಚೀನಾದಲ್ಲಿ ಇನ್ನೂರಕ್ಕೂ ಹೆಚ್ಚು ಜನರಿಗೆ ಎಂಟು ವಾರ ಲ್ಯಾಕ್ಟಿಸ್‌ನದೇ ಎಚ್ಎನ್019 ಎಂಬ ತಳಿ ಕೊಟ್ಟು ನೋಡಿದಾಗ ಬ್ಯಾಕ್ಟೀರಿಯಾ ಇಲ್ಲದ ನಕಲಿ ಡೋಸ್ ತಗೊಂಡವರಿಗಿಂತ ವ್ಯತ್ಯಾಸ ಬರಲಿಲ್ಲ. ಅಂದರೆ ಕೆಲವರಿಗೆ ಸ್ವಲ್ಪ ಅನುಕೂಲ ಆಗಬಹುದು, ಆಗದೆಯೂ ಇರಬಹುದು. "ಖಂಡಿತ ಗುಣ" ಅಂತ ಬರೆದಿರುವ ಜಾಹೀರಾತು ಸುಳ್ಳು.

ಪ್ಯಾಕೆಟ್ ಕೈಗೆತ್ತಿಕೊಂಡು ಹಿಂಬದಿ ತಿರುಗಿಸಿ. ಜಾತಿಯ ಹೆಸರಿನ ಮುಂದೆ ತಳಿಯ ಗುರುತು ಇದೆಯೇ? ಬಿಬಿ-12, ಎಚ್ಎನ್019 ಥರದ ಅಕ್ಷರ-ಅಂಕಿ ಇರಬೇಕು. ಬರೀ "ಪ್ರೋಬಯಾಟಿಕ್ ಮಿಶ್ರಣ" ಅಂತ ಇದ್ದರೆ ವಾಪಸ್ ಇಡಿ. ಎಷ್ಟು ಸಿಎಫ್‌ಯು ಅಂತ ಇದೆಯೇ? ಜೀವಂತ ಬ್ಯಾಕ್ಟೀರಿಯಾ ಎಣಿಸುವ ಲೆಕ್ಕ ಅದು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಇರಬೇಕು. ಮಲಬದ್ಧತೆಯ ಪ್ರಯೋಗಗಳಲ್ಲಿ ಬಳಸಿದ್ದು ಅದಕ್ಕಿಂತ ತುಂಬ ಜಾಸ್ತಿ, ನೂರಾರು ಕೋಟಿಯಿಂದ ಸಾವಿರ ಕೋಟಿಗೂ ಮೇಲೆ. ಆ ಸಂಖ್ಯೆ ತಯಾರಿಸಿದ ದಿನದ್ದೋ, ಅವಧಿ ಮುಗಿಯುವವರೆಗೂ ಉಳಿಯುವುದೋ ನೋಡಿ, ಎರಡನೆಯದು ಬೇಕು. ಫ್ರಿಜ್ಜಿನಲ್ಲಿ ಇಡಿ ಅಂತ ಬರೆದಿದ್ದನ್ನು ಅಂಗಡಿಯವರು ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಇಟ್ಟಿದ್ದರೆ ಬೇಡ ಅನ್ನಿ. ಪುಟ್ಟ ಬಾಟಲಿಯ ಸಿಹಿ ಹಾಲಿನ ಪಾನೀಯಗಳಲ್ಲಿ ಸಕ್ಕರೆ ಇರುತ್ತದೆ, ಶುಗರ್ ಇರುವವರು ಆ ಸಾಲನ್ನೂ ಓದಿ.

ಕೀಮೋ ನಡೆಯುತ್ತಿರುವವರು, ಅಂಗ ಕಸಿ ಆದವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಗೊಳ್ಳುವವರು, ದೊಡ್ಡ ರಕ್ತನಾಳದಲ್ಲಿ ನಳಿಕೆ ಇರುವವರು ಡಾಕ್ಟರನ್ನು ಕೇಳದೆ ಯಾವ ಪ್ರೋಬಯಾಟಿಕನ್ನೂ ಮುಟ್ಟಬಾರದು. ನೆದರ್ಲೆಂಡ್ಸ್‌ನಲ್ಲಿ ತೀವ್ರ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ರೋಗಿಗಳಿಗೆ ಕೊಟ್ಟು ನೋಡಿದ ಒಂದು ಪ್ರಯೋಗದ ಫಲಿತಾಂಶ 2008ರಲ್ಲಿ ಬಂತು. ಪ್ರೋಬಯಾಟಿಕ್ ಕೊಟ್ಟ ಗುಂಪಿನಲ್ಲೇ ಜಾಸ್ತಿ ಜನ ಸತ್ತಿದ್ದರು. ಆರೋಗ್ಯವಂತರಿಗೆ ಆ ಭಯ ಬೇಡ, ಆದರೆ "ಮೊಸರಿನ ಹಾಗೇ ತಾನೆ" ಅಂತ ಆಸ್ಪತ್ರೆಯಲ್ಲಿರುವವರಿಗೆ ತಂದುಕೊಡಬೇಡಿ.

ಹಂತ 7: ನಾಲ್ಕು ವಾರದ ಪರೀಕ್ಷೆ

ಒಂದೇ ಉತ್ಪನ್ನ, ದಿನಾ, ನಾಲ್ಕು ವಾರ. ಆ ನಾಲ್ಕು ವಾರ ಬೇರೇನನ್ನೂ ಹೊಸದಾಗಿ ಶುರು ಮಾಡಬೇಡಿ, ಹಳೆಯದನ್ನು ಬಿಡಲೂ ಬೇಡಿ. ಇಸಬಗೋಲ್, ಮುದ್ದೆ, ಸ್ಟೂಲು ಎಲ್ಲ ಹಾಗೇ ನಡೆಯಲಿ. ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ. ಮೊದಲ ಕೆಲವು ದಿನ ಗ್ಯಾಸ್, ಹೊಟ್ಟೆ ಉಬ್ಬರ ಸ್ವಲ್ಪ ಜಾಸ್ತಿಯಾಗಬಹುದು, ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ನೋವು ಬಂದರೆ ನಿಲ್ಲಿಸಿ. ಆಂಟಿಬಯಾಟಿಕ್ ನಡುವೆ ಬಂದರೆ ಎರಡರ ಮಧ್ಯೆ ಎರಡು ಗಂಟೆ ಬಿಡಿ.

ನಾಲ್ಕನೇ ವಾರದ ಬರಹವನ್ನು ಮೊದಲನೇ ವಾರದ ಪಕ್ಕ ಇಟ್ಟು ನೋಡಿ. ವಾರಕ್ಕೆ ಒಂದು ಸಲವಾದರೂ ಹೆಚ್ಚಿದೆಯೇ? ಮುಕ್ಕರಿಸುವುದು ಕಡಿಮೆಯಾಗಿದೆಯೇ? ಹೌದಾದರೆ, ದುಡ್ಡು ಕೈಗೆಟುಕಿದರೆ ಮುಂದುವರಿಸಿ. ನಿಲ್ಲಿಸಿದ ಮೇಲೆ ಈ ಬ್ಯಾಕ್ಟೀರಿಯಾ ಕರುಳಿನಲ್ಲಿ ಬಹಳ ಕಾಲ ಉಳಿಯುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಲ್ಲವಾದರೆ ನಿಲ್ಲಿಸಿ. "ಇನ್ನೊಂದು ಡಬ್ಬಿ ನೋಡೋಣ" ಅಂತ ಆರು ತಿಂಗಳು ಎಳೆಯುವವರಿದ್ದಾರೆ, ಲಾಭ ಕಂಪನಿಗೆ.

ಹಂತ 8: ಯಾವುದೂ ಹಿಡಿಯದಿದ್ದರೆ

ಬರಹದ ಹಾಳೆ ಹಿಡಿದು ಡಾಕ್ಟರ ಹತ್ತಿರ ಹೋಗಿ. 2023ರಲ್ಲಿ ಅಮೆರಿಕದ ಜೀರ್ಣಾಂಗ ತಜ್ಞರ ಎರಡು ಸಂಘಗಳು ಸೇರಿ ಬರೆದ ಮಾರ್ಗಸೂಚಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ಬಲವಾಗಿ ಶಿಫಾರಸು ಮಾಡುತ್ತದೆ. ಇಲ್ಲೂ ಸಿಗುತ್ತದೆ. ಕರುಳಿನಲ್ಲಿ ನೀರು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡುತ್ತದೆ. ರಾತ್ರಿ ರಾತ್ರಿ ಚೂರ್ಣ ತಗೊಳ್ಳುವವರು ಡಬ್ಬಿಯ ಮೇಲೆ ಸೋನಾಮುಖಿ ಅಂತ ಇದೆಯೇ ನೋಡಿ. ಅದು ಕರುಳನ್ನು ಕೆರಳಿಸಿ ಓಡಿಸುವ ವಿರೇಚಕ. ಆಗೀಗ ತಗೊಂಡರೆ ತೊಂದರೆಯಿಲ್ಲ, ವರ್ಷಗಟ್ಟಲೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಅದನ್ನೂ ಹೇಳಿ. "ಅದು ಆಯುರ್ವೇದ, ಔಷಧಿ ಅಲ್ಲ" ಅಂತ ಮುಚ್ಚಿಡಬೇಡಿ.

ಇನ್ನೊಂದು ಗುಂಪು ಇದೆ. ಮಲ ಮೆತ್ತಗಿದ್ದರೂ ಹೊರಗೆ ಬರುವುದಿಲ್ಲ, ಬೆರಳು ಬಳಸಬೇಕಾಗುತ್ತದೆ, ಗಂಟೆಗಟ್ಟಲೆ ಕೂರಬೇಕಾಗುತ್ತದೆ. ಇವರಲ್ಲಿ ಹಲವರಿಗೆ ತೊಂದರೆ ಇರುವುದು ಸ್ನಾಯುವಿನಲ್ಲಿ. ಮುಕ್ಕರಿಸುವಾಗ ಸಡಿಲವಾಗಬೇಕಾದ ಸ್ನಾಯು ಬಿಗಿಯಾಗುತ್ತದೆ. ನಾರು ಜಾಸ್ತಿ ತಿಂದಷ್ಟೂ ಇವರಿಗೆ ಹೊಟ್ಟೆ ಇನ್ನಷ್ಟು ಬಿಗಿಯಬಹುದು. ಗ್ಯಾಸ್ಟ್ರೊಎಂಟರಾಲಜಿಸ್ಟ್ ಹತ್ತಿರ ಗುದದ್ವಾರದ ಒತ್ತಡ ಅಳೆಯುವ ಪರೀಕ್ಷೆ ಮಾಡಿಸಿದರೆ ಅದು ಗೊತ್ತಾಗುತ್ತದೆ. ಬಯೋಫೀಡ್‌ಬ್ಯಾಕ್ ಎಂಬ ತರಬೇತಿಯಲ್ಲಿ ಪರದೆಯ ಮೇಲೆ ಒತ್ತಡ ನೋಡುತ್ತಾ ಸ್ನಾಯುವನ್ನು ಸಡಿಲಿಸುವುದನ್ನು ಕಲಿಸುತ್ತಾರೆ. ಸಣ್ಣ ಊರುಗಳಲ್ಲಿ ಇದು ಸಿಗುವುದು ಕಷ್ಟ, ದೊಡ್ಡ ಆಸ್ಪತ್ರೆಗಳಲ್ಲಿ ಕೇಳಬೇಕು. ಹೇಳಲು ಮುಜುಗರವಾದರೆ "ಮೆತ್ತಗಿದ್ದರೂ ಬರುವುದಿಲ್ಲ" ಎಂಬ ಒಂದು ಮಾತು ಸಾಕು, ಡಾಕ್ಟರು ಉಳಿದದ್ದನ್ನು ಕೇಳಿ ತಿಳಿದುಕೊಳ್ಳುತ್ತಾರೆ.